ಓದುಗರ ಪ್ರಶ್ನೆ: ಜನವರಿ ಚಳೀಲಿ ನೇಪಾಳದ ಬಸ್ಸು

ಪ್ರಶ್ನೆ: ಸರ್, ಜನವರಿ ಮೊದಲ ವಾರ ಅಮ್ಮನ್ನ ಕರ್ಕೊಂಡು ನೇಪಾಳಕ್ಕೆ ಹೊರಟಿದೀನಿ. ಫ್ಲೈಟಿಗೆ ದುಡ್ಡಿಲ್ಲ, ರೈಲು, ಬಸ್ಸು ಅಷ್ಟೆ. ಪಶುಪತಿನಾಥ, ಮುಕ್ತಿನಾಥ ಎರಡೂ ಆಗ್ಲೇಬೇಕು ಅಂತಾರೆ, ಅವ್ರಿಗೆ 62. ಲಾಡ್ಜ್ ಬಾಡಿಗೆ ಉಳಿಯತ್ತೆ ಅಂತ ರಾತ್ರಿ ಬಸ್ಸೇ ಹಿಡಿಯೋ ಯೋಚನೆ. ಸರೀನಾ?
– ಓದುಗರೊಬ್ಬರು, ಹಾಸನ

ಉತ್ತರ: ಬಸ್ಸಲ್ಲೇ ಹೋಗಿ, ರಾತ್ರಿ ಬಸ್ಸು ಮಾತ್ರ ಬೇಡ. ಹಾಸನದಲ್ಲಿ ರಾತ್ರಿ ಹತ್ತಿ ಮಲ್ಗಿ ಬೆಳಿಗ್ಗೆ ಇಳಿಯೋ ಲೆಕ್ಕ ಅಲ್ಲಿ ನಡೆಯಲ್ಲ. ಜನವರೀಲಿ ಗೋರಖ್‌ಪುರದಿಂದ ನೇಪಾಳದ ತರಾಯಿ ಬಯಲು ತನಕ ಮಂಜು ಎಷ್ಟು ದಟ್ಟ ಅಂದ್ರೆ ಮುಂದಿರೋ ಲಾರಿ ಲೈಟೂ ಕಾಣಲ್ಲ, ಅದು ಮುಗಿದ್ರೆ ಘಾಟಿ ರಸ್ತೆ, ಪಕ್ಕದಲ್ಲೇ ನದಿ, ಇದನ್ನ ಕತ್ತಲಲ್ಲಿ ದಾಟೋದು ಯಾಕೆ ಹೇಳಿ? ಉಳಿಯೋದು ಒಂದು ರೂಮಿನ ಬಾಡಿಗೆ ಅಷ್ಟೇ.

ಯಶವಂತಪುರದಿಂದ ಗೋರಖ್‌ಪುರಕ್ಕೆ ನೇರ ರೈಲಿದೆ, ಅಲ್ಲಿಂದ ಸೋನೌಲಿ ಗಡಿ ಸುಮಾರು 100 ಕಿ.ಮೀ. ನಡ್ಕೊಂಡೇ ಗಡಿ ದಾಟಿ ಭೈರಹವಾದಲ್ಲಿ ಉಳ್ಕೊಳ್ಳಿ, ಲುಂಬಿನಿ ಹತ್ರಾನೇ ಇದೆ, ನೋಡ್ಕೊಂಡು ಬೆಳಿಗ್ಗೆ ಪಶುಪತಿನಾಥ ಇರೋ ಕಾಠ್ಮಂಡು ಬಸ್ಸು ಹಿಡೀರಿ. ಅವರ ಟೈಮು ನಮಗಿಂತ 15 ನಿಮಿಷ ಮುಂದೆ, ಏಳಕ್ಕೆ ಬಸ್ಸು ಅಂದ್ರೆ ನಿಮ್ಮ ವಾಚಲ್ಲಿ ಆರೂ ಮುಕ್ಕಾಲು. ಪೋಖರಾ ಊರನ್ನೂ ನೋಡ್ಕೊಂಡು ಹೋಗೋದಾದ್ರೆ, ಅಲ್ಲಿಂದ ಕಾಠ್ಮಂಡು ಬರೀ 200 ಕಿ.ಮೀ., ಆದ್ರೂ ಇಡೀ ಹಗಲು ಅದಕ್ಕೇ ಅಂತ ಇಟ್ಕೊಳ್ಳಿ.

ಕಮ್ಮಿ ರೇಟಿನ ಬಸ್ಸಲ್ಲಿ ಹೀಟರ್ ಆಸೆ ಬಿಡಿ, ಕಿಟಕಿ ಗಾಜೂ ಪೂರ್ತಿ ಮುಚ್ಚಲ್ಲ. ಎಷ್ಟೋ ಜನ ಸ್ವೆಟರ್, ಶಾಲು ಎಲ್ಲಾ ದೊಡ್ಡ ಬ್ಯಾಗಿಗೆ ತುಂಬಿ ಟಾಪಿಗೆ ಹಾಕಿಸಿ ಆಮೇಲೆ ನಡುಗ್ತಾ ಕೂರ್ತಾರೆ, ಮಂಕಿ ಕ್ಯಾಪು, ಕಾಲ್ಚೀಲ, ಶಾಲು ತೊಡೆ ಮೇಲಿರ್ಲಿ. ಅಗ್ಗದ ಲಾಡ್ಜಲ್ಲಿ ಬಿಸಿನೀರು ಹೆಚ್ಚಾಗಿ ಸೋಲಾರ್‌ದು, ಬೆಳಿಗ್ಗೆ ತಣ್ಣಗಾಗಿರತ್ತೆ, ಅದಕ್ಕೆ ಸಂಜೆ ರೂಮು ಸೇರಿದ ತಕ್ಷಣ ಸ್ನಾನ ಮುಗಿಸಿ. ಊಟದ ಚಿಂತೆ ಬೇಡ, ದಾಲ್ ಭಾತ್ ಕೇಳಿದ್ರೆ ಅನ್ನ, ಬೇಳೆ, ಪಲ್ಯ ಮತ್ತೆ ಮತ್ತೆ ಬಡಿಸ್ತಾರೆ.

ಇನ್ನು ಮುಕ್ತಿನಾಥ. ಅಮ್ಮನಿಗೆ ಬೇಜಾರಾಗ್ಬೋದು, ಆದ್ರೂ ಜನವರೀಲಿ ಬೇಡ. 3,700 ಮೀಟರ್ ಮೇಲಿದೆ, ನಮ್ಮ ಮುಳ್ಳಯ್ಯನಗಿರಿಯ ಸುಮಾರು ಎರಡರಷ್ಟು ಎತ್ತರ, ಹಿಮ ಬಿದ್ರೆ ರಸ್ತೆನೇ ಬಂದ್. ಅಲ್ಲಿರೋ 108 ಧಾರೆ ಕೆಳಗೆ ಸ್ನಾನ ಮಾಡ್ದೆ ಬರಲ್ಲ ಅಂತಾರೆ ಬೇರೆ, ಆ ಚಳೀಲಿ! ಅದನ್ನ ಏಪ್ರಿಲ್ಲಿಗೆ ಇಟ್ಕೊಳ್ಳಿ. ಈ ಸಲ ಪಶುಪತಿನಾಥ ಸಾಕು, ಅಲ್ಲಿ ಪೂಜೆ ಮಾಡೋ ಭಟ್ಟರು ಪರಂಪರೆಯಿಂದ ಕರ್ನಾಟಕದವರೇ ಅಂತ ಹೇಳಿ, ಅರ್ಧ ಸಮಾಧಾನ ಆಗತ್ತೆ. ಹಾಂ, ಅಮ್ಮನ ಒರಿಜಿನಲ್ ವೋಟರ್ ಐಡಿ ಮರೀಬೇಡಿ, 65 ದಾಟದವರಿಗೆ ಬರೀ ಆಧಾರ್ ನಡೆಯಲ್ಲ.

ಪ್ರಶ್ನೆ: ನೇಪಾಳದಲ್ಲಿ ನಮ್ಮ ದುಡ್ಡು ನಡೆಯತ್ತಾ?
– ಓದುಗರೊಬ್ಬರು, ಚಿಕ್ಕಮಗಳೂರು

ಉತ್ತರ: ಎಷ್ಟೋ ಕಡೆ ನಡೆಯತ್ತೆ, ನೂರರ ನೋಟೇ ಒಯ್ಯಿರಿ. 2024ರಿಂದ ನಮ್ಮ ಯುಪಿಐ ಸ್ಕ್ಯಾನೂ ಅಲ್ಲಿನ ಸುಮಾರು ಅಂಗಡೀಲಿ ಆಗತ್ತೆ, ಆದ್ರೆ ಘಾಟಿ ಹೋಟೆಲಲ್ಲಿ ಅದನ್ನ ನಂಬ್ಕೊಂಡು ಊಟಕ್ಕೆ ಕೂರ್ಬೇಡಿ. ನಮ್ಮ 100 ಅಂದ್ರೆ ಅವರ 160, ಈ ರೇಟು 1993ರಿಂದ ಬದಲಾಗಿಲ್ಲ. ಯಾರೇ ರೇಟು ಹೇಳಿದ್ರೂ ಮೊದಲು ‘ಐಸಿನಾ ಎನ್‌ಸಿನಾ’ ಅಂತ ಕೇಳಿ, ಐಸಿ ನಮ್ದು, ಎನ್‌ಸಿ ಅವರದು, ಟಿಕೆಟ್ 1,600 ಎನ್‌ಸಿ ಅಂದ್ರೆ ನೀವು ಕೊಡೋದು ನಮ್ಮ ಒಂದೇ ಸಾವಿರ.