ಎರಡು ಸ್ಪೇಡ್ ಬಂದಾಗ ನಿಮ್ಮ ಕೈಯಲ್ಲಿ ಏನಿತ್ತು?

ಗದಗಿನ ಗೆಳೆಯರಿಗೆ ನಮಸ್ಕಾರ.

ಬ್ರಿಜ್ ಎಂಬ ಇಸ್ಪೀಟ್ ಆಟದ ಬಗ್ಗೆ ನಮ್ಮ ಪತ್ರಿಕೆಗೆ ನೀವು ಕಳಿಸಿದ ಲೇಖನ ಓದಿದೆ. ಆಟಕ್ಕೆ ಮುಂಚಿನ ಹರಾಜಿನಲ್ಲಿ ಜೊತೆಗಾರ ಒಂದು ನೋಟ್ರಂಪ್ (ತುರುಪಿಲ್ಲದ ಆಟ) ಅಂತ ಶುರು ಮಾಡಿದ, ಎದುರಾಳಿ ಮಧ್ಯೆ ಎರಡು ಸ್ಪೇಡ್ ಅಂದ, ಈಗ ನಾವೇನು ಹೇಳಬೇಕು ಅನ್ನೋದು ವಿಷಯ. ಕನ್ನಡದಲ್ಲಿ ಇದನ್ನು ಬರೆಯಲು ಕೂತಿದ್ದಕ್ಕೆ ಖುಷಿಯಾಯಿತು. ಆದರೆ ಎರಡನೇ ಪುಟಕ್ಕೆ ಬಂದಾಗ ಸಿಟ್ಟೂ ಬಂತು.

"ವಿಪಕ್ಷದ ಮಧ್ಯಪ್ರವೇಶವಾದಾಗ ಸಾಧಾರಣ ಬಲ ಹೊಂದಿದವರು ಸೂಕ್ತ ಕ್ರಮ ಅನುಸರಿಸತಕ್ಕದ್ದು" ಅಂತ ಬರೆದಿದ್ದೀರಿ. ಎಲೆ ಹಿಡಿದು ಕೂತವರು ಯಾರೂ ಹೀಗೆ ಮಾತಾಡುವುದಿಲ್ಲ. ಎದುರಾಳಿ ಮಧ್ಯೆ ಕೂಗಿದ್ದಕ್ಕೆ ಓವರ್‌ಕಾಲ್ ಅನ್ನಿ, ಸಾಕು. ಎಕ್ಕಕ್ಕೆ 4, ರಾಜನಿಗೆ 3, ರಾಣಿಗೆ 2, ಗುಲಾಮನಿಗೆ 1 ಅಂತ ಎಣಿಸಿದರೆ, ಸಾಧಾರಣ ಅಂದರೆ 6 ಪಾಯಿಂಟೋ, 9 ಪಾಯಿಂಟೋ? ಓದುವವರಿಗೆ ಬೇಕಾದ್ದು ಅದೇ ಅಲ್ವಾ?

ಮುಂದಿನ ಸಾಲು: "ನಾವು ಎರಡು ನೋಟ್ರಂಪ್ ಹೇಳಿದರೆ ಜೊತೆಗಾರ ಮೂರು ಕ್ಲಬ್ ಹೇಳಬೇಕು." ಯಾಕೆ ಹೇಳಬೇಕು? ಅದನ್ನೇ ಬಿಟ್ಟಿದ್ದೀರಿ. ಈ ಕೈ ನೋಡಿ. ಸ್ಪೇಡ್ 8, 4. ಹಾರ್ಟ್ ರಾಣಿ, ಗುಲಾಮ, 9, 7, 5, 3. ಡೈಮಂಡ್ ರಾಜ, 6, 2. ಕ್ಲಬ್ 7, 4. ಇದು 6 ಪಾಯಿಂಟ್, ಜೊತೆಗಾರನದು 15ರಿಂದ 17. ಗೇಮ್, ಅಂದರೆ ಬೋನಸ್ ತರುವ ದೊಡ್ಡ ಕೂಗು, ದೂರ. ಆದರೂ ಆರು ಹಾರ್ಟ್ ಹಿಡಿದು ಸುಮ್ನೆ ಪಾಸ್ ಅನ್ನಲು ಮನಸ್ಸಾಗದು. ಮೂರು ಹಾರ್ಟ್ ಹೇಳಿ ಅಲ್ಲೇ ನಿಲ್ಲಬೇಕು. ಈಗ ಹಾರ್ಟಿನ 5, 3 ತೆಗೆದು ಹಾರ್ಟ್ ಎಕ್ಕ, ಕ್ಲಬ್ ರಾಣಿ ಹಾಕಿ. 12 ಪಾಯಿಂಟ್ ಆಯಿತು, ಗೇಮ್ ಬಿಡುವ ಹಾಗಿಲ್ಲ. ಇಲ್ಲೂ ಬಾಯಿಗೆ ಬರುವುದು ಮೂರು ಹಾರ್ಟೇ. ಯಾವುದು ಬಡ ಕೈ, ಯಾವುದು ಗಟ್ಟಿ ಅಂತ ಜೊತೆಗಾರನಿಗೆ ಹೇಗೆ ತಿಳಿಯಬೇಕು? ಅದಕ್ಕೇ ಬಡ ಕೈ ಮೊದಲು ಎರಡು ನೋಟ್ರಂಪ್ ಅಂದು, ಜೊತೆಗಾರ ಮೂರು ಕ್ಲಬ್ ಅಂದ ಮೇಲೆ ಮೂರು ಹಾರ್ಟಿಗೆ ಸುತ್ತಿ ಬರುತ್ತದೆ, ಗಟ್ಟಿ ಕೈ ನೇರ ಮೂರು ಹಾರ್ಟ್ ಅನ್ನುತ್ತದೆ. ಇಷ್ಟು ಹೇಳಿದ್ದರೆ ಲೇಖನ ಎದ್ದು ನಿಲ್ಲುತ್ತಿತ್ತು.

ಇನ್ನು ನಾಲ್ಕನೇ ಪ್ಯಾರಾದ ಕೈ. ಸ್ಪೇಡ್ 3 ಎಲೆ, ಹಾರ್ಟ್ 5 ಎಲೆ, ಡೈಮಂಡ್ 4 ಎಲೆ, ಕ್ಲಬ್ 2 ಎಲೆ. ಒಟ್ಟು 14 ಎಲೆ, ಇರಬೇಕಾದ್ದು 13. ಎರಡು ಸಲ ಎಣಿಸಿದೆ. ಇದನ್ನು ನಾನು ಬಿಡಲಾರೆ.

ಹುಬ್ಬಳ್ಳಿಯಲ್ಲಿ ಪತ್ರಿಕೆ ಕೆಲಸ ಕಲಿಯುವಾಗ ನಾನೂ ಒಮ್ಮೆ 12 ಎಲೆಯ ಕೈ ಬರೆದುಕೊಟ್ಟೆ, ಅಚ್ಚೂ ಆಯಿತು. ಮರುದಿನ ನವಲೂರಿನಿಂದ ಹಿರಿಯರೊಬ್ಬರು ಸೈಕಲ್ ಮೇಲೆ ಬಂದರು. ಕತ್ತರಿಸಿದ ಪೇಪರ್ ತುಂಡು ಮೇಜಿನ ಮೇಲಿಟ್ಟು, "ಹದಿಮೂರನೇ ಎಲಿ ಎಲ್ಲೈತ್ರೀ?" ಅಂದರು. ಬೈಯಲಿಲ್ಲ. ಅರ್ಧ ರಾತ್ರಿ ಹುಡುಕಿದ್ದರಂತೆ. ಅವರು ಹೋದ ಮೇಲೆ ನಮ್ಮ ಹಿರಿಯ ಉಪಸಂಪಾದಕರು ಒಂದು ಇಸ್ಪೀಟ್ ಕಟ್ಟು ತಂದು ಮುಂದಿಟ್ಟರು. "ತಮ್ಮಾ, ಮದ್ಲ ಎಲಿ ಹಾಸು, ಆಮ್ಯಾಲೆ ಪೆನ್ ಹಿಡಿ." ನಿಮ್ಮ ಕೈಯನ್ನು ನಾನು ಎಣಿಸಿದ್ದು ಅದೇ ಕಟ್ಟಿನಿಂದ. ಮೂಲೆ ಸವೆದಿವೆ, ಎಲೆ ಮಾತ್ರ 52 ಇವೆ.

ಲೇಖನ ತಿದ್ದಿ ಮತ್ತೆ ಕಳಿಸಿ. ಮೂರು ನೋಟ್ರಂಪ್ ಭಾಗಕ್ಕೆ ಎರಡು ಕೈ ಬೇಕು, ಸ್ಪೇಡ್ ತಡೆಯುವ ಎಲೆ ಇರುವುದೊಂದು, ಇಲ್ಲದ್ದೊಂದು. ನೇರ ಹೇಳಿದರೆ ತಡೆ ಇಲ್ಲ, ಸುತ್ತಿ ಬಂದರೆ ಇದೆ ಅನ್ನುವ ಒಪ್ಪಂದವೇ ನಿಮ್ಮದಾಗಿದ್ದರೆ ಅದನ್ನು ಮೊದಲ ಸಾಲಿನಲ್ಲೇ ಹೇಳಿಬಿಡಿ.