ತೂಬಿನ ಮೇಲೆ ಕೂತ ಅಧ್ಯಕ್ಷರಿಗೆ

ಶಿಡ್ಲಘಟ್ಟ ತಾಲ್ಲೂಕಿನ ಓದುಗರೊಬ್ಬರು ಬರೆದ ಪತ್ರದ ಮುಖ್ಯ ಭಾಗ ಹೀಗಿದೆ:

“ದಿನದ ಪ್ರತಿ ಗಳಿಗೆಯನ್ನೂ ಸಾರ್ಥಕಪಡಿಸಿಕೊಳ್ಳುವುದು ಹೇಗೆ ಎಂಬ ಲೇಖನವನ್ನು ಕಳೆದ ಸಂಚಿಕೆಯಲ್ಲಿ ಓದಿದೆ. ನಾಯಕರಾಗಬೇಕೆನ್ನುವವರು ಬೆಳಗಿನ ಐದಕ್ಕೆ ಏಳಬೇಕು ಎಂದಿದ್ದೀರಿ. ಎರಡು ಸೀಮೆಹಸುಗಳ ಹಾಲು ಕರೆಯಬೇಕಾದ್ದರಿಂದ ನಾನು ನಾಲ್ಕೂವರೆಗೇ ಏಳುತ್ತೇನೆ. ಒಂದೂವರೆ ಎಕರೆ ಹಿಪ್ಪುನೇರಳೆ ತೋಟವಿದೆ, ರೇಷ್ಮೆ ಹುಳು ಮೇಯಿಸುತ್ತೇವೆ. ಹೋದ ವರ್ಷ ನಮ್ಮೂರ ಮಹಿಳಾ ಹಾಲು ಉತ್ಪಾದಕರ ಸಂಘಕ್ಕೆ ನನ್ನನ್ನು ಅಧ್ಯಕ್ಷೆ ಮಾಡಿದರು. ಅಂದಿನಿಂದ ಎರಡು ಹೊತ್ತೂ ಡೇರಿಯಲ್ಲಿ ನಿಂತಿರಬೇಕು, ನಾನಿಲ್ಲದಿದ್ದರೆ ಜಗಳ. ಲೆಕ್ಕದ ಪುಸ್ತಕ ನನಗೆ ಅಷ್ಟಾಗಿ ಅರ್ಥವಾಗದು, ಕಾರ್ಯದರ್ಶಿ ತೋರಿಸಿದ ಕಡೆ ಸಹಿ ಹಾಕುತ್ತೇನೆ. ದಿನ ಹೇಗೆ ಕಳೆಯುತ್ತದೋ ತಿಳಿಯುತ್ತಿಲ್ಲ. ಈ ಸ್ಥಾನ ಬಿಟ್ಟುಬಿಡಲೇ, ಇಲ್ಲ ಇದರಲ್ಲಿದ್ದುಕೊಂಡೇ ಬೆಳೆಯುವ ದಾರಿ ಇದೆಯೇ?”

ಮಾನ್ಯರೇ,

ಮೊದಲು ನಮ್ಮ ತಪ್ಪನ್ನು ಒಪ್ಪಿಕೊಳ್ಳುತ್ತೇನೆ. ಬೆಳಗಿನ ಐದು ಗಂಟೆಯ ಆ ಸಲಹೆಯನ್ನು ಅಚ್ಚಿಗೆ ಕಳಿಸುವಾಗ, ಹಳ್ಳಿಗಳಲ್ಲಿರುವ ನಮ್ಮ ಓದುಗರು ಎಷ್ಟು ಹೊತ್ತಿಗೆ ಕೊಟ್ಟಿಗೆಯ ದೀಪ ಹಾಕುತ್ತಾರೆ ಎಂಬುದನ್ನು ನಾನು ನೆನೆಯಬೇಕಿತ್ತು. ಎಂಟಕ್ಕೆ ಏಳುವವರಿಗಾಗಿ ಬರೆದ ಮಾತನ್ನು ನಾಲ್ಕೂವರೆಗೆ ಏಳುವವರ ಮನೆಗೆ ಕಳಿಸಿದೆವು. ನಿಮ್ಮ ದಿನದಲ್ಲಿ ಹಿಂಡಿ ತೆಗೆಯಲು ಇನ್ನೊಂದು ಗಳಿಗೆಯೂ ಉಳಿದಿಲ್ಲ. ಹಾಗಾಗಿ ಸಮಯ ಉಳಿಸುವ ಉಪಾಯಗಳನ್ನು ಬಿಟ್ಟು, ಇರುವ ಸಮಯ ಯಾವ ಕೆಲಸಕ್ಕೆ ಹೋಗುತ್ತಿದೆ ಎಂಬುದನ್ನು ಮಾತ್ರ ನೋಡೋಣ.

“ನಾನಿಲ್ಲದಿದ್ದರೆ ಜಗಳ” ಎಂದು ಬರೆದಿದ್ದೀರಿ. ಅಂತಹ ಬೆಳಗನ್ನು ನಾನೂ ಕಂಡಿದ್ದೇನೆ. ಸಾಲಿನಲ್ಲಿ ನಿಂತ ಹೆಂಗಸೊಬ್ಬರು ಹಾಲು ಸುರಿಯುತ್ತಾರೆ, ಪರೀಕ್ಷಕಿ ಸ್ಯಾಂಪಲ್ ತೆಗೆದು ಯಂತ್ರಕ್ಕೆ ಕೊಡುತ್ತಾಳೆ, ನಿನ್ನೆ ನಾಲ್ಕು ಚಿಲ್ಲರೆ ತೋರಿಸಿದ ಫ್ಯಾಟು, ಎಂದರೆ ದರಕ್ಕೆ ಆಧಾರವಾದ ಹಾಲಿನ ಕೊಬ್ಬಿನಂಶ, ಇಂದು ಮೂರೂವರೆಗೆ ಬಂದು ನಿಲ್ಲುತ್ತದೆ. “ಅದೇ ಹಸು, ಅದೇ ಮೇವು, ಅದು ಹೆಂಗೆ ಇಳೀತು?” ಎಂಬ ಪ್ರಶ್ನೆ ಏಳುತ್ತದೆ, ಹಿಂದಿನವರು ಕ್ಯಾನನ್ನು ನೆಲಕ್ಕಿಟ್ಟು ಕಿವಿಗೊಡುತ್ತಾರೆ, ಲಾರಿ ಬರುವ ಹೊತ್ತಾಗಿರುತ್ತದೆ. ಆಗ ಎಲ್ಲರೂ ಅಧ್ಯಕ್ಷರ ಮುಖ ನೋಡುತ್ತಾರೆ, ನೀವು ಏನೋ ಒಂದು ಹೇಳಿ ಸಮಾಧಾನಪಡಿಸುತ್ತೀರಿ, ಸಾಲು ಮುಂದೆ ಸರಿಯುತ್ತದೆ. ಈ ಸಮಾಧಾನದಲ್ಲಿ ನಿಮ್ಮ ಒಳ್ಳೆಯತನವಿದೆ, ಸಂದೇಹವಿಲ್ಲ. ಆದರೆ ಅದು ಅಂದಿನ ಜಗಳವನ್ನಷ್ಟೇ ಮುಗಿಸುತ್ತದೆ, ನಾಳಿನದಕ್ಕೂ ನಿಮ್ಮನ್ನೇ ಕಾಯುವಂತೆ ಮಾಡುತ್ತದೆ.

ನಮ್ಮ ಜಿಲ್ಲೆಯ ಮುದ್ದೇನಹಳ್ಳಿಯವರಾದ ವಿಶ್ವೇಶ್ವರಯ್ಯನವರನ್ನು ಕುರಿತ ಭಾಷಣಗಳಲ್ಲಿ ಅವರ ಗಡಿಯಾರದ ಮಾತು ಬಾರದೆ ಇರುವುದಿಲ್ಲ. ಪ್ರತಿ ಸೆಪ್ಟೆಂಬರ್ 15ರಂದು ಶಾಲೆಯ ಮಕ್ಕಳಿಂದ ಹಿಡಿದು ಮಂತ್ರಿಗಳವರೆಗೆ ಎಲ್ಲರೂ ಅವರ ಸಮಯಪಾಲನೆಯನ್ನು ಹೊಗಳುತ್ತಾರೆ. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಅವರ ಒಂದು ಬಾಗಿಲು. ಪುಣೆಯ ಬಳಿಯ ಖಡಕ್‌ವಾಸ್ಲಾ ಜಲಾಶಯಕ್ಕೆ 1903ರಲ್ಲಿ ಅವರ ವಿನ್ಯಾಸದ ಸ್ವಯಂಚಾಲಿತ ಬಾಗಿಲುಗಳನ್ನು ಕೂರಿಸಲಾಯಿತು. ನೀರು ಗೊತ್ತುಪಡಿಸಿದ ಮಟ್ಟವನ್ನು ಮೀರಿದಾಗ ಅವು ತಾವೇ ತೆರೆದುಕೊಳ್ಳುತ್ತಿದ್ದವು, ಇಳಿದಾಗ ತಾವೇ ಮುಚ್ಚಿಕೊಳ್ಳುತ್ತಿದ್ದವು. ನಡುರಾತ್ರಿ ಪ್ರವಾಹ ಬಂದರೂ ಎಂಜಿನಿಯರನ್ನು ಎಬ್ಬಿಸಿ ಅಪ್ಪಣೆ ಕೇಳಬೇಕಾಗಿರಲಿಲ್ಲ. ಕನ್ನಂಬಾಡಿಯ ಕಟ್ಟೆಯಲ್ಲೂ ಇಂತಹ ಬಾಗಿಲುಗಳು ಬಂದವು. ಆ ಕಟ್ಟೆಯ ಕೆಲಸ 1911ರಲ್ಲಿ ಶುರುವಾಯಿತು. ಅವರು 1918ರಲ್ಲಿ ದಿವಾನಗಿರಿಯನ್ನು ಬಿಟ್ಟರು. ಕಟ್ಟೆ ಪೂರ್ಣಗೊಳ್ಳುವ ಹೊತ್ತಿಗೆ 1930ರ ದಶಕ ಬಂದಿತ್ತು. ಅವರು ಕುರ್ಚಿಯಲ್ಲಿ ಇಲ್ಲದ ಅಷ್ಟೂ ವರ್ಷ ಕೆಲಸ ನಡೆದೇ ಇತ್ತು.

ನಿಮ್ಮ ಡೇರಿಯಲ್ಲಿ ಅಂತಹ ಬಾಗಿಲಿಲ್ಲ. ತೂಬಿನ ಮೇಲೆ ನೀವೇ ಕೂತಿದ್ದೀರಿ. ನಮ್ಮ ಕಡೆಯ ಕೆರೆಗಳಲ್ಲಿ ತೂಬು ಎತ್ತುವ ನೀರುಗಂಟಿಗಾದರೂ ಯಾರ ಗದ್ದೆಗೆ ಯಾವ ಹೊತ್ತು ಎಂಬುದು ಊರೇ ಒಪ್ಪಿದ ಕಟ್ಟಳೆಯಾಗಿತ್ತು, ಆದ್ದರಿಂದ ಆತ ಪ್ರತಿ ಸಲವೂ ಹೊಸದಾಗಿ ನ್ಯಾಯ ಹೇಳಬೇಕಾಗಿರಲಿಲ್ಲ. ಫ್ಯಾಟಿನ ಜಗಳಕ್ಕೂ ಒಂದು ಕಟ್ಟಳೆ ಮಾಡಿ. ಸಂದೇಹ ಬಂದವರ ಹಾಲನ್ನು ಅವರ ಕಣ್ಣೆದುರಿಗೇ ಚೆನ್ನಾಗಿ ಕಲಕಿಸಿ ಎರಡನೆಯ ಸಲ ಪರೀಕ್ಷಿಸುವುದು, ಆ ಎರಡನೆಯ ಅಂಕಿಯನ್ನೇ ಬರೆದುಕೊಳ್ಳುವುದು, ಅದಕ್ಕೂ ಒಪ್ಪದವರ ದೂರನ್ನು ಪುಸ್ತಕದಲ್ಲಿ ಬರೆಸಿಕೊಂಡು ಸಾಲು ಮುಂದುವರಿಸುವುದು. ಇದನ್ನು ಆಡಳಿತ ಮಂಡಳಿಯ ಸಭೆಯಲ್ಲಿಟ್ಟು, ನಡವಳಿ ಪುಸ್ತಕದಲ್ಲಿ ದಾಖಲಿಸಿ, ದೊಡ್ಡ ಅಕ್ಷರದಲ್ಲಿ ಬರೆದು ಯಂತ್ರದ ಮೇಲಿನ ಗೋಡೆಗೆ ಅಂಟಿಸಿರಿ. ಬರೆಸಿಕೊಂಡ ದೂರುಗಳನ್ನು ಕೇಳಲು ವಾರದಲ್ಲಿ ಒಂದೇ ಒಂದು ಸಂಜೆಯನ್ನು ಗೊತ್ತುಮಾಡಿ, ಯಾವ ಕಾರಣಕ್ಕೂ ಅದನ್ನು ತಪ್ಪಿಸಬೇಡಿ.

ವಾರದಲ್ಲಿ ಹೀಗೆ ಒಂದು ದಿನವನ್ನು ಗೊತ್ತುಮಾಡುವುದರ ಬಲ ಏನೆಂಬುದಕ್ಕೂ ನಮ್ಮ ಜಿಲ್ಲೆಯವರೇ ಸಾಕ್ಷಿ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಶಿಕ್ಷಣತಜ್ಞ ಎಚ್. ನರಸಿಂಹಯ್ಯನವರು 1935ರಲ್ಲಿ ಓದಲೆಂದು ಬೆಂಗಳೂರಿಗೆ ನಡೆದುಕೊಂಡೇ ಹೋದ ಸಂಗತಿಯನ್ನು ಎಲ್ಲರೂ ಹೇಳುತ್ತಾರೆ. ಅವರು 1962ರಲ್ಲಿ ಆರಂಭಿಸಿದ ಬೆಂಗಳೂರು ವಿಜ್ಞಾನ ವೇದಿಕೆಯ ಬುಧವಾರಗಳ ಮಾತು ಅಷ್ಟಾಗಿ ಕೇಳಿಬರುವುದಿಲ್ಲ. ಬುಧವಾರ ಎಂದರೆ ಉಪನ್ಯಾಸ; ಯಾರೂ ಯಾರನ್ನೂ ಕೇಳಿ ತಿಳಿಯಬೇಕಾಗಿರಲಿಲ್ಲ. ಆ ರೂಢಿ ದಶಕಗಳ ಕಾಲ ನಡೆಯಿತು.

ಕಟ್ಟಳೆ ಮಾಡುವುದು ಕಷ್ಟವಲ್ಲ. ಮಾಡಿದ ಮೇಲೆ ಕೈ ಹಿಂದಕ್ಕೆ ಕಟ್ಟಿ ನಿಲ್ಲುವುದು ಕಷ್ಟ. ಇದನ್ನು ನಿಮಗೆ ಹೇಳಿಕೊಡುವ ಅಧಿಕಾರ ನನಗಿಲ್ಲ, ಏಕೆಂದರೆ ಹುಳು ಮೇಯಿಸುವವರು ನೀವು. ಜ್ವರಕ್ಕೆ, ಎಂದರೆ ಪೊರೆ ಕಳಚಲು, ಕೂತ ಹುಳುವಿಗೆ ಸೊಪ್ಪು ಹಾಕಬಾರದೆಂದು ನಿಮ್ಮ ಮನೆಯ ಮಕ್ಕಳಿಗೂ ಗೊತ್ತು. ತಲೆ ಎತ್ತಿ ಅಲುಗದೆ ಕೂತ ಹುಳುವನ್ನು ನೋಡಿ, ಪಾಪ ಹಸಿದಿದೆಯೆಂದು ಯಾರಾದರೂ ಸೊಪ್ಪು ಸುರಿದರೆ, ಹಾಸಿಗೆಯಲ್ಲಿ ತೇವ ಹೆಚ್ಚಿ ಬೆಳೆಯೇ ಹಾಳಾಗುತ್ತದೆ. ಸುಣ್ಣದ ಪುಡಿ ಉದುರಿಸಿ, ಗಾಳಿಯಾಡಲು ಬಿಟ್ಟು, ಹೆಚ್ಚುಕಡಿಮೆ ಎಲ್ಲ ಹುಳುಗಳೂ ಜ್ವರದಿಂದ ಎದ್ದ ಮೇಲೆ ತಾನೇ ನೀವು ಸೊಪ್ಪು ಕೊಡುವುದು? ನಾಲ್ಕು ಜ್ವರ ದಾಟಿದ ಹುಳು ತನ್ನ ಬಾಳಿನ ಮೇವಿನ ಬಹುಪಾಲನ್ನು ಆ ಕೊನೆಯ ಒಂದು ವಾರದಲ್ಲೇ ತಿನ್ನುತ್ತದೆ. ನಡುವಿನ ಸುಮ್ಮನಿರುವಿಕೆ ಇಲ್ಲದೆ ಆ ಹಸಿವಿಲ್ಲ. ಡೇರಿಯ ಪರೀಕ್ಷಕಿಯೂ ಕಾರ್ಯದರ್ಶಿಯೂ ಹೊಸ ಕಟ್ಟಳೆಯ ಮೊದಲ ಹದಿನೈದು ದಿನ ತಡವರಿಸುತ್ತಾರೆ, ಒಂದೆರಡು ಕಡೆ ಎಡವುತ್ತಾರೆ. ಆಗ ನೀವು ಹೋಗಿ ಸರಿಪಡಿಸಿಬಿಟ್ಟರೆ ಅವರು ಎಂದೆಂದಿಗೂ ನಿಮ್ಮ ಮುಖವನ್ನೇ ನೋಡುತ್ತಾರೆ.

ಬರೆಯುವುದು ಸುಲಭ, ನಾನು ಇದರಲ್ಲಿ ಸೋತವನೇ. ಈ ಪತ್ರಿಕೆಯನ್ನು ವಹಿಸಿಕೊಂಡ ಹೊಸದರಲ್ಲಿ ಪ್ರತಿ ಪುಟದ ಪ್ರತಿ ಸಾಲೂ ನನ್ನ ಕಣ್ಣ ಕೆಳಗೇ ಹಾದುಹೋಗಬೇಕೆಂಬ ಹಟವಿತ್ತು, ಸಂಚಿಕೆ ಪ್ರತಿ ತಿಂಗಳೂ ವಾರ ತಡವಾಗುತ್ತಿತ್ತು. ಒಮ್ಮೆ ನಾನು ಹದಿನೆಂಟು ದಿನ ಆಸ್ಪತ್ರೆಯಲ್ಲಿ ಮಲಗಬೇಕಾಯಿತು. ಆ ತಿಂಗಳು ಇಬ್ಬರು ಹುಡುಗರು ಸೇರಿ ಸಂಚಿಕೆಯನ್ನು ಒಂದನೇ ತಾರೀಖಿಗೇ ಹೊರತಂದರು. ಒಂಬತ್ತನೇ ಪುಟದಲ್ಲಿ ಒಂದು ಶೀರ್ಷಿಕೆ ತಪ್ಪಾಗಿತ್ತು. ಸಂತೋಷಪಡುವ ಬದಲು ನಾನು ಹಾಸಿಗೆಯಲ್ಲಿ ಕೂತು ಆ ಶೀರ್ಷಿಕೆಯನ್ನೇ ನಾಲ್ಕು ಸಲ ಓದಿದೆ. ನಾನಿಲ್ಲದೆಯೂ ನಡೆಯಿತು ಎಂಬುದು ಒಳಗೊಳಗೇ ಚುಚ್ಚುತ್ತಿತ್ತು. “ನಾನಿಲ್ಲದಿದ್ದರೆ ಜಗಳ” ಎಂಬ ನಿಮ್ಮ ಸಾಲಿನಲ್ಲಿ ಆಯಾಸದ ಜೊತೆಗೆ ಎಳ್ಳಷ್ಟು ಹೆಮ್ಮೆಯೂ ನನಗೆ ಕೇಳಿಸಿದ್ದು ಆ ಹದಿನೆಂಟು ದಿನಗಳಿಂದಾಗಿಯೇ. ತಪ್ಪಾಗಿದ್ದರೆ ಕ್ಷಮಿಸಿ.

ಇನ್ನು ಬೆಳೆಯುವ ಮಾತು. ನಿಮ್ಮ ಪತ್ರದಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು ನೀವು ನಡುವೆ ಹೇಳಿ ದಾಟಿಹೋದ ಸಾಲು: ಕಾರ್ಯದರ್ಶಿ ತೋರಿಸಿದ ಕಡೆ ಸಹಿ ಹಾಕುತ್ತೇನೆ. ಕಾರ್ಯದರ್ಶಿ ಪ್ರಾಮಾಣಿಕರೇ ಇರಬಹುದು, ಅದು ಇಲ್ಲಿಯ ಪ್ರಶ್ನೆಯಲ್ಲ. ಓದದೆ ಹಾಕಿದ ಸಹಿಗೂ ಹೊಣೆ ನಿಮ್ಮದೇ. ಸಾಲಿನಲ್ಲಿ ನಿಂತು ಸಮಾಧಾನ ಹೇಳುವುದನ್ನು ಬೇರೆಯವರು ಮಾಡಬಲ್ಲರು. ಲೆಕ್ಕ ಅರಿತ ಅಧ್ಯಕ್ಷರ ಕೆಲಸವನ್ನು ನೀವಲ್ಲದೆ ಇನ್ನೊಬ್ಬರು ಮಾಡಲಾರರು. ವ್ಯಕ್ತಿತ್ವ ವಿಕಸನದ ಶಿಬಿರಗಳಿಗೆ ನಾನು ವಿರೋಧಿಯಲ್ಲ, ಆದರೆ ಸದ್ಯಕ್ಕೆ ನಿಮ್ಮ ಶಿಬಿರ ಆ ಪುಸ್ತಕದಲ್ಲಿದೆ.

ಇಡೀ ಜಮಾಖರ್ಚನ್ನು ಒಮ್ಮೆಗೇ ತೆರೆಯಬೇಡಿ, ಹೆದರಿಕೆಯಾಗುತ್ತದೆ. ಎರಡೇ ಅಂಕಿಗಳಿಂದ ತೊಡಗಿ. ಬೆಳಗಿನ ಹಾಲು ಲಾರಿಗೆ ಹೋದ ಮೇಲೆ ಆ ಹೊತ್ತು ಸದಸ್ಯರಿಂದ ಬಂದ ಒಟ್ಟು ಲೀಟರು ಎಷ್ಟು, ಲಾರಿಗೆ ಕಳಿಸಿದ್ದು ಎಷ್ಟು ಎಂದು ನಿಮ್ಮ ಕೈಯಾರೆ ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ. ಎರಡರ ನಡುವಿನ ವ್ಯತ್ಯಾಸಕ್ಕೆ ಹೆಸರುಗಳಿವೆ: ಊರಲ್ಲೇ ಮಾರಿದ ಹಾಲು, ಸೋರಿದ ಹಾಲು, ಒಡೆದ ಹಾಲು. ಒಬ್ಬೊಬ್ಬರಿಂದ ಚೂರುಚೂರೇ ತೆಗೆದ ಸ್ಯಾಂಪಲ್ ಹಾಲು ತಿಂಗಳಿಗೆ ಎಷ್ಟಾಗುತ್ತದೆ, ಅದು ಯಾವ ತಲೆಬರಹದಲ್ಲಿ ಜಮೆಯಾಗುತ್ತದೆ ಎಂದು ಒಂದು ದಿನ ಕೇಳಿ ನೋಡಿ. ಲೀಟರಿನ ಲೆಕ್ಕ ಕೈಗೆ ಹತ್ತಿದ ಮೇಲೆ ಫ್ಯಾಟಿನ ಲೆಕ್ಕಕ್ಕೆ ಹೋಗಿ: ನೀವು ಸದಸ್ಯರಿಗೆ ಕಟ್ಟಿದ ಫ್ಯಾಟೆಷ್ಟು, ನಿಮ್ಮ ಹಾಲು ಕೊಳ್ಳುವ ಒಕ್ಕೂಟ ಸಂಘಕ್ಕೆ ಕಟ್ಟಿದ್ದೆಷ್ಟು. ಸಂಘದ ಲಾಭವೋ ನಷ್ಟವೋ, ವರ್ಷದ ಕೊನೆಯ ಬೋನಸ್ಸೋ, ಎಲ್ಲದರ ಬೇರು ಹೆಚ್ಚಾಗಿ ಅಲ್ಲಿರುತ್ತದೆ. ಇದಕ್ಕೆ ದಿನಕ್ಕೆ ಕಾಲು ಗಂಟೆ ಸಾಕು. ಆ ಕಾಲು ಗಂಟೆ ನಿಮಗೆ ಸಿಗಲಿ ಎಂದೇ ಮೇಲಿನ ಕಟ್ಟಳೆಯ ಮಾತನ್ನು ಅಷ್ಟು ಉದ್ದ ಬರೆದೆ.

ಸ್ಥಾನ ಬಿಟ್ಟುಬಿಡಲೇ ಎಂದು ಕೇಳಿದ್ದೀರಿ. ಬಿಡುವುದು ಅವಮಾನವಲ್ಲ, ಮನೆ ಮತ್ತು ತೋಟ ತಾಳದಿದ್ದರೆ ಬಿಡಬೇಕಾದದ್ದೇ. ಆದರೆ ಮುಂದಿನ ಸರ್ವಸದಸ್ಯರ ಸಭೆಗೆ ಮುಂಚೆ ಬಿಡಬೇಡಿ ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಆ ಸಭೆಯಲ್ಲಿ ಜಮಾಖರ್ಚನ್ನು ಕಾರ್ಯದರ್ಶಿಯ ಬದಲು ನೀವೇ ಎದ್ದು ನಿಂತು ಓದಿ. ಯಾರಾದರೂ ಪ್ರಶ್ನೆ ಕೇಳಿದಾಗ ಉತ್ತರ ನಿಮ್ಮ ನೋಟ್‌ಬುಕ್ಕಿನಿಂದ ಬಂದರೆ, ಇರಬೇಕೋ ಬಿಡಬೇಕೋ ಎಂಬುದನ್ನು ಅಂದು ರಾತ್ರಿ ನೀವೇ ನಿರ್ಧರಿಸಬಲ್ಲಿರಿ, ನನ್ನನ್ನು ಕೇಳಬೇಕಾಗುವುದಿಲ್ಲ.

ಪತ್ರದ ಅಂಚಿನಲ್ಲಿ “ಹುಳು ಮೂರನೇ ಜ್ವರದಲ್ಲಿದೆ, ಅದಕ್ಕೇ ಇಷ್ಟು ಬರೆಯಲು ಬಿಡುವಾಯಿತು” ಎಂದು ಸಣ್ಣಕ್ಷರದಲ್ಲಿ ಸೇರಿಸಿದ್ದೀರಿ. ಹಾಗಾದರೆ ಈ ಸಂಚಿಕೆ ನಿಮ್ಮ ಕೈಸೇರುವ ಹೊತ್ತಿಗೆ ಹುಳು ಹಣ್ಣಾಗಿ, ಗೂಡು ಕಟ್ಟುವ ತಟ್ಟೆಯಾದ ಚಂದ್ರಿಕೆಯನ್ನು ಹತ್ತಿರುತ್ತದೆ, ಮನೆಯಲ್ಲಿ ಯಾರಿಗೂ ಉಸಿರಾಡಲು ಹೊತ್ತಿರುವುದಿಲ್ಲ. ಗೂಡು ಬಿಡಿಸಿ ಮಾರುಕಟ್ಟೆಗೆ ಹಾಕುವವರೆಗೆ ಏನನ್ನೂ ಶುರುಮಾಡಬೇಡಿ. ಆಮೇಲೆ, ನೋಟ್‌ಬುಕ್ಕಿನ ಮೊದಲ ಹತ್ತು ದಿನಗಳ ಆ ಎರಡು ಅಂಕಿಗಳನ್ನು ಒಂದು ಕಾರ್ಡಿನಲ್ಲಿ ಬರೆದು ನನಗೆ ಕಳಿಸಿ.