ಬಾಲಿಯವರು ಹೊಸ ವರ್ಷಕ್ಕೆ ಮುಂಚೆ ದೇವರನ್ನು ಸಮುದ್ರಕ್ಕೆ ಹೊತ್ತೊಯ್ಯುವುದು ಯಾಕೆ?

ತೊಳೆದು ಹೊಸದು ಮಾಡಿಕೊಳ್ಳಲು. ಇದರ ಹೆಸರು ಮೆಲಸ್ತಿ. ಇಂಡೋನೇಷ್ಯಾದ ಬಾಲಿ ದ್ವೀಪದ ಹಿಂದೂಗಳು ತಮ್ಮ ಶಕ ವರ್ಷದ ಮೊದಲ ದಿನವಾದ ನ್ಯೆಪಿಗೆ ಕೆಲವು ದಿನ ಮುಂಚೆ ಇದನ್ನು ಮಾಡುತ್ತಾರೆ.

ಊರಿಗೆ ಊರೇ ಬಿಳಿ ಬಟ್ಟೆ ಉಟ್ಟು ಹೊರಡುತ್ತದೆ. ದೇವಸ್ಥಾನದ ಮೂರ್ತಿಗಳು, ಪೂಜೆಯ ಸಾಮಾನುಗಳು ಎಲ್ಲ ತಲೆ ಮೇಲೆ, ಹೆಗಲ ಮೇಲೆ. ಜೊತೆಗೆ ಬಣ್ಣದ ಕೊಡೆಗಳು, ಜಾಗಟೆ, ತಾಳ. ನಮ್ಮ ಕರಾವಳಿಯ ಜಾತ್ರೆಗಳಲ್ಲಿ ದೇವರಿಗೆ ಅವಭೃತ ಸ್ನಾನ ಮಾಡಿಸುವುದನ್ನು ನೋಡಿದ್ದರೆ ಥಟ್ಟನೆ ಅದೇ ನೆನಪಾಗುತ್ತದೆ. ತೀರದಲ್ಲಿ ಸಾಲಾಗಿ ಕೂತು ಕಡಲಿಗೆ ಮುಖ ಮಾಡಿ ಪೂಜೆ ಮಾಡುತ್ತಾರೆ. ವರ್ಷವಿಡೀ ಅಂಟಿದ ಕೊಳೆಯನ್ನು ಕಡಲು ಒಯ್ಯಬೇಕು, ಬದಲಿಗೆ ಜೀವ ಕೊಡುವ ನೀರು ಕೊಡಬೇಕು ಎಂಬುದು ನಂಬಿಕೆ. ಆ ನೀರಿಗೆ ಅವರು 'ತೀರ್ತ ಅಮೆರ್ತ' ಅನ್ನುತ್ತಾರೆ. ನಮ್ಮ ತೀರ್ಥ, ಅಮೃತಗಳೇ ಅಲ್ವಾ! ಅದನ್ನು ಜನರ ಮೇಲೂ ಚಿಮುಕಿಸುತ್ತಾರೆ. ಕಡಲು ದೂರವಿದ್ದ ಊರಿನವರು ಕೆರೆಗೋ ನೀರಿನ ಬುಗ್ಗೆಗೋ ಹೋಗುತ್ತಾರೆ.

ನ್ಯೆಪಿಯ ಹಿಂದಿನ ಸಂಜೆ 'ಓಗೊ ಓಗೊ' ಎಂಬ ದೊಡ್ಡ ದೆವ್ವದ ಗೊಂಬೆಗಳ ಗಲಾಟೆ ಮೆರವಣಿಗೆ. ಮರುದಿನ ಪೂರ್ತಿ ಮೌನ. ಬೆಂಕಿ ಹಚ್ಚುವಂತಿಲ್ಲ, ಕೆಲಸವಿಲ್ಲ, ತಿರುಗಾಟವಿಲ್ಲ. ವಿಮಾನ ನಿಲ್ದಾಣ ಕೂಡ 24 ಗಂಟೆ ಬಂದ್. ಪ್ರವಾಸಿಗರೂ ಸುಮ್ನೆ ಹೋಟೆಲ್ ಒಳಗೇ ಇರಬೇಕು.

ಅಂದ ಹಾಗೆ, 2023ರಲ್ಲಿ ನ್ಯೆಪಿಯೂ ನಮ್ಮ ಯುಗಾದಿಯೂ ಒಂದೇ ದಿನ, ಮಾರ್ಚ್ 22ಕ್ಕೆ ಬಂದಿದ್ದವು. ಇಬ್ಬರದ್ದೂ ಶಕ 1945. ಆದರೆ ಅಧಿಕ ಮಾಸದ ಲೆಕ್ಕ ಬೇರೆಯಾದ್ದರಿಂದ 2024ರಲ್ಲಿ ಸುಮಾರು ಒಂದು ತಿಂಗಳ ಅಂತರ ಬಿತ್ತು.